ಐದು ಸಾವಿರ ವರ್ಷದ ಕಹಿ ಗುಟುಕು

ವಯಸ್ಸಾಗುತ್ತ ಹೋದ ಹಾಗೆ ಬಿಪಿ ಏರುತ್ತದೆ ಎಂಬುದು ನಮಗೆಲ್ಲ ಬಾಯಿಪಾಠ. ಐವತ್ತು ದಾಟಿದವರು ಇರುವ ಮನೆಯಲ್ಲಿ ಬಿಪಿ ಮಾತ್ರೆ ಇಲ್ಲ ಎಂದರೆ ಅದೇ ಒಂದು ಸುದ್ದಿ. ಹೀಗಿರುವಾಗ, ಅರವತ್ತು ದಾಟಿದರೂ ಹರೆಯದ ಬಿಪಿಯನ್ನೇ ಉಳಿಸಿಕೊಂಡು ಬಾಳುವ ಜನ ಈ ಭೂಮಿಯ ಮೇಲಿದ್ದಾರೆ ಎಂದು ಓದಿದ ದಿನ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಪನಾಮಾ ದೇಶದ ಕೆರಿಬಿಯನ್ ಕಡಲಂಚಿನಲ್ಲಿ ಗುನಾ ಯಾಲಾ ಎಂಬ ದ್ವೀಪಗಳ ಸಾಲು ಇದೆ. ಮುನ್ನೂರಕ್ಕೂ ಮಿಕ್ಕಿದ ಪುಟ್ಟಪುಟ್ಟ ದ್ವೀಪಗಳು, ತೆಂಗಿನ ಮರಗಳು, ಒತ್ತೊತ್ತಾಗಿ ಕಟ್ಟಿದ ಬಿದಿರು-ಗರಿಯ ಮನೆಗಳು. ಅಲ್ಲಿಯ ಮೂಲನಿವಾಸಿಗಳು ಗುನಾ ಜನ. ಅವರ ರಕ್ತದೊತ್ತಡ ಬಹಳ ಕಡಿಮೆ ಎಂದು ಬಿ. ಎಚ್. ಕೀನ್ ಎಂಬ ವೈದ್ಯರು 1944ರಲ್ಲೇ ಬರೆದಿಟ್ಟಿದ್ದರು. ಆದರೆ ಯಾಕೆ ಕಡಿಮೆ? ಅರ್ಧ ಶತಮಾನ ಕಳೆದರೂ ಆ ಪ್ರಶ್ನೆ ಹಾಗೇ ಉಳಿದಿತ್ತು.

1990ರ ದಶಕದಲ್ಲಿ ಬಾಸ್ಟನ್‌ನ ವೈದ್ಯ ನಾರ್ಮನ್ ಹಾಲೆನ್‌ಬರ್ಗ್ ತಮ್ಮ ತಂಡ ಕಟ್ಟಿಕೊಂಡು ಅಲ್ಲಿಗೆ ಹೋದರು. ಅವರು ಹುಡುಕುತ್ತಿದ್ದದ್ದು ಒಂದು ವಂಶವಾಹಿಯನ್ನು. ಬಿಪಿ ಏರದಂತೆ ಕಾಯುವ ಜೀನ್ ಈ ಜನರ ರಕ್ತದಲ್ಲಿ ಇರಲೇಬೇಕು ಎಂಬುದು ಅವರ ಲೆಕ್ಕ. ಐಲಿಗಾಂದಿ ಎಂಬ ದ್ವೀಪದಲ್ಲಿ ಅಳೆದರು, ವಲಸೆ ಹೋದವರನ್ನು ಹುಡುಕಿಕೊಂಡು ಪನಾಮಾ ನಗರಕ್ಕೂ ಬಂದು ಅಳೆದರು. ಅಲ್ಲಿ ಲೆಕ್ಕ ತಲೆಕೆಳಗಾಯಿತು! ಅದೇ ಜನ, ಅದೇ ರಕ್ತ. ಆದರೆ ನಗರ ಸೇರಿದವರಲ್ಲಿ ನೂರಕ್ಕೆ 10.7 ಮಂದಿಗೆ ಅಧಿಕ ರಕ್ತದೊತ್ತಡ, ಅರವತ್ತು ದಾಟಿದವರಲ್ಲಂತೂ ಹೆಚ್ಚುಕಮ್ಮಿ ಅರ್ಧಕ್ಕರ್ಧ. ಹಾಗಾದರೆ ಕಾಪಾಡುತ್ತಿದ್ದದ್ದು ಜೀನ್ ಅಲ್ಲ, ದ್ವೀಪದ ಬದುಕು. ಉಪ್ಪು ಕಡಿಮೆ ತಿನ್ನುತ್ತಾರೆಯೇ ಎಂದು ನೋಡಿದರೆ ಅದೂ ಇಲ್ಲ, ಉಪ್ಪನ್ನು ಧಾರಾಳವಾಗಿಯೇ ಬಳಸುತ್ತಿದ್ದರು. ಕೊನೆಗೆ ಸಂಶೋಧಕರ ಕಣ್ಣು ಹೋದದ್ದು ದಿನಕ್ಕೆ ಐದಾರು ಬಾರಿ ಕೈಯಿಂದ ಕೈಗೆ ಬರುತ್ತಿದ್ದ ಬಟ್ಟಲಿನ ಮೇಲೆ. ಅದರಲ್ಲಿದ್ದದ್ದು ಕೊಕ್ಕೊ. ನಮ್ಮ ಪುತ್ತೂರು, ಸುಳ್ಯ, ಬಂಟ್ವಾಳದ ಅಡಿಕೆ ತೋಟಗಳ ನೆರಳಿನಲ್ಲಿ ಕಾಂಡಕ್ಕೆ ಅಂಟಿಕೊಂಡು ತೂಗುವ ಅದೇ ಕೊಕ್ಕೊ!

ಚಾಕೊಲೇಟ್ ಎಂದರೆ ಬೆಳ್ಳಿ ಕಾಗದ ಬಿಚ್ಚಿ ಮುರಿದು ತಿನ್ನುವ ಸಿಹಿ ಎಂದುಕೊಂಡು ಬೆಳೆದವಳು ನಾನು. ಆ ಸಿಹಿಗೆ ಇನ್ನೂ ಇನ್ನೂರು ವರ್ಷವೂ ತುಂಬಿಲ್ಲ. ಅದಕ್ಕೂ ಮೊದಲಿನ ಐದು ಸಾವಿರ ವರ್ಷ ಮನುಷ್ಯರು ಈ ಬೀಜವನ್ನು ಕುಡಿದಿದ್ದಾರೆ. ಹುರಿದು, ಅರೆದು, ಕದಡಿ, ನೊರೆ ಎಬ್ಬಿಸಿ, ಹೆಚ್ಚಾಗಿ ಕಹಿಯಾಗಿಯೇ ಕುಡಿದಿದ್ದಾರೆ. ಇಂದು ಮನಸ್ಸಿನ ಒತ್ತಡ ಇಳಿಸಲು ದಿನಕ್ಕೊಂದು ಬಟ್ಟಲು ಕೊಕ್ಕೊ ಕುಡಿಯಿರಿ ಎಂಬ ಮಾತು ಲೋಕದ ತುಂಬ ಕೇಳಿಬರುತ್ತಿದೆಯಲ್ಲ, ಅದರ ಬೇರು ಎಷ್ಟು ಆಳದಲ್ಲಿದೆ ಎಂದು ಬಗೆಯುತ್ತ ಹೋದರೆ ಪ್ರತಿ ಪದರದಲ್ಲೂ ಒಂದು ಬೆರಗು ಸಿಗುತ್ತದೆ.

ಮೊದಲು ಬಟ್ಟಲಿನೊಳಗೇ ಇಣುಕೋಣ. ಹಸಿ ಕೊಕ್ಕೊ ಬೀಜವನ್ನು ಎರಡಾಗಿ ಸೀಳಿ ನೋಡಿದ್ದೀರಾ? ಒಳಗೆ ಗಾಢ ನೇರಳೆ ಬಣ್ಣ. ನಾಲಿಗೆಗೆ ಇಟ್ಟರೆ ಬಾಯೆಲ್ಲ ಬಿಗಿದುಕೊಳ್ಳುವ ಒಗರು. ಆ ಒಗರಿನ ಹಿಂದೆ ಫ್ಲೇವನಾಲ್‌ಗಳೆಂಬ ರಾಸಾಯನಿಕಗಳ ದೊಡ್ಡ ಬಳಗವೇ ಇದೆ. ಅವುಗಳಲ್ಲಿ ಎಪಿಕ್ಯಾಟೆಚಿನ್ ಎಂಬುದು ಮುಖ್ಯ. ಇದು ನಮ್ಮ ರಕ್ತನಾಳಗಳ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹೆಚ್ಚು ಸಿಗುವಂತೆ ಮಾಡುತ್ತದೆ. ಆ ಅನಿಲ ಸಿಕ್ಕೊಡನೆ ನಾಳದ ಗೋಡೆಯ ಸ್ನಾಯು ಸಡಿಲಗೊಳ್ಳುತ್ತದೆ, ನಾಳ ಅಗಲವಾಗುತ್ತದೆ, ರಕ್ತ ಸರಾಗವಾಗಿ ಹರಿಯುತ್ತದೆ. ನಮ್ಮ ದೇಹದೊಳಗೆ ಒಂದು ಅನಿಲ ಹೀಗೆ ಸುದ್ದಿ ಮುಟ್ಟಿಸುವ ದೂತನಾಗಿ ದುಡಿಯುತ್ತದೆ ಎಂದು ಕಂಡುಹಿಡಿದದ್ದಕ್ಕೇ 1998ರ ವೈದ್ಯಕೀಯ ನೊಬೆಲ್ ಸಂದಿತು. ದ್ವೀಪದ ಗುನಾ ಜನರ ಮೂತ್ರ ಪರೀಕ್ಷಿಸಿದಾಗ ಇದೇ ನೈಟ್ರಿಕ್ ಆಕ್ಸೈಡ್‌ನ ಗುರುತುಗಳು ನಗರದ ಗುನಾ ಜನರಿಗಿಂತ ಹೆಚ್ಚು ಕಂಡವು.

ಇದು ರಕ್ತನಾಳದ ಮಾತಾಯಿತು, ಒತ್ತಡಕ್ಕೂ ಇದಕ್ಕೂ ಏನು ಸಂಬಂಧ ಎನ್ನುತ್ತೀರಿ. ಇಲ್ಲೇ ಇರುವುದು ಸ್ವಾರಸ್ಯ! ಮನಸ್ಸು ಕಂಗೆಟ್ಟಾಗ ಅದರ ಪೆಟ್ಟು ಮೊದಲು ಬೀಳುವ ಜಾಗಗಳಲ್ಲಿ ಆ ಒಳಪದರವೂ ಒಂದು. ಬಾಸ್ ಬೈದ ಎಂಟೇ ನಿಮಿಷದ ಮೀಟಿಂಗ್ ಮುಗಿದು ಎಷ್ಟೋ ಹೊತ್ತಾದ ಮೇಲೂ ನಾಳಗಳಿಗೆ ಸರಿಯಾಗಿ ಅರಳಲು ಆಗುವುದಿಲ್ಲ. ಅದರ ಮೇಲೆ, ತಲೆಬಿಸಿ ಆದಾಗ ನಾವು ಕೈಹಾಕುವುದೂ ಎಣ್ಣೆ ತಿಂಡಿಗೇ. ಕೊಬ್ಬಿನ ಊಟ ಆ ಪೆಟ್ಟಿನಿಂದ ಚೇತರಿಸಿಕೊಳ್ಳುವುದನ್ನು ಇನ್ನಷ್ಟು ತಡಮಾಡುತ್ತದೆ.

ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ರೋಸಲಿಂಡ್ ಬೇನಮ್, ಕ್ಯಾಟರೀನಾ ರೆಂಡೇರೊ ಮತ್ತು ಸಂಗಡಿಗರು ಇದನ್ನೇ ಪರೀಕ್ಷೆಗೆ ಒಡ್ಡಿದರು. ಆರೋಗ್ಯವಂತ ಯುವಕ-ಯುವತಿಯರನ್ನು ಕರೆದು ಬೆಳಗಿನ ತಿಂಡಿಗೆ ಬೆಣ್ಣೆ ಸವರಿದ ಕ್ರೋಸಾಂ, ಚೀಸ್, ಒಂದು ಲೋಟ ಕೆನೆಹಾಲು ಕೊಟ್ಟರು. ಜೊತೆಗೆ ಒಂದು ಬಟ್ಟಲು ಕೊಕ್ಕೊ. ಒಂದು ದಿನದ ಕೊಕ್ಕೊದಲ್ಲಿ 695 ಮಿಲಿಗ್ರಾಂ ಫ್ಲೇವನಾಲ್, ಇನ್ನೊಂದು ದಿನದ್ದರಲ್ಲಿ ಆರು ಮಿಲಿಗ್ರಾಂ ಕೂಡ ಇಲ್ಲ. ಯಾವುದು ಯಾವ ದಿನ ಎಂದು ಕುಡಿದವರಿಗೆ ತಿಳಿಯದು. ಆಮೇಲೆ ಎಂಟು ನಿಮಿಷ ಬಾಯಿಲೆಕ್ಕ! ಬೇಗಬೇಗ ಹೇಳಬೇಕು, ತಪ್ಪಿದರೆ ಎಚ್ಚರಿಕೆ. ಎಲ್ಲರ ಎದೆಬಡಿತವೂ ಏರಿತು. ನಂತರ ತೋಳಿಗೆ ಪಟ್ಟಿ ಬಿಗಿದು, ಸಡಿಲಿಸಿ, ನಾಳ ಎಷ್ಟು ಅರಳುತ್ತದೆ ಎಂದು ಅಲ್ಟ್ರಾಸೌಂಡ್‌ನಲ್ಲಿ ನೋಡಿದರು. ಸಪ್ಪೆ ಕೊಕ್ಕೊ ಕುಡಿದ ದಿನ ಒತ್ತಡ ಮುಗಿದು ತೊಂಬತ್ತು ನಿಮಿಷ ಕಳೆದರೂ ನಾಳ ಮೊದಲಿನಂತೆ ಅರಳಲಿಲ್ಲ. ಒಗರು ಕೊಕ್ಕೊ ಕುಡಿದ ದಿನ ಆ ಹಾನಿಯನ್ನು ಬಟ್ಟಲು ತಡೆದಿತ್ತು. 2024ರಲ್ಲಿ ಇದು ಪ್ರಕಟವಾಯಿತು. ಒಂದು ಮರದ ಕಾಂಡದಲ್ಲಿ ಹುಟ್ಟಿದ ಬೀಜದ ಒಗರು, ಲೆಕ್ಕ ತಪ್ಪಿ ಬೆವರಿದವರ ತೋಳಿನ ನಾಳದ ಒಳಗೆ ಹೋಗಿ ಕಾವಲು ನಿಲ್ಲುತ್ತದೆ ಎಂದರೆ!

ಇದಕ್ಕೂ ಹತ್ತು ವರ್ಷ ಮೊದಲು ಸ್ವಿಟ್ಸರ್ಲೆಂಡಿನ ಬರ್ನ್‌ನಲ್ಲಿ ಪೆಟ್ರಾ ವಿರ್ಟ್ಸ್ ತಂಡ ಮಾಡಿದ ಪ್ರಯೋಗ ನನಗೆ ಇನ್ನೂ ಇಷ್ಟ. 65 ಗಂಡಸರು. ಅರ್ಧದಷ್ಟು ಮಂದಿಗೆ 50 ಗ್ರಾಂ ಕಪ್ಪು ಚಾಕೊಲೇಟ್, ಉಳಿದವರಿಗೆ ನೋಡಲು ಅದರಂತೆಯೇ ಇರುವ, ಆದರೆ ಫ್ಲೇವನಾಲ್ ಇಲ್ಲದ್ದು. ಎರಡು ಗಂಟೆ ಬಿಟ್ಟು, ಮುಖದಲ್ಲಿ ನಗುವೇ ಕಾಣಿಸದ ಪರೀಕ್ಷಕರ ಮುಂದೆ ನಿಲ್ಲಿಸಿ ಭಾಷಣ ಮಾಡಿಸಿದರು, ಬಾಯಿಲೆಕ್ಕ ಮಾಡಿಸಿದರು. ಕಪ್ಪು ಚಾಕೊಲೇಟ್ ತಿಂದವರಲ್ಲಿ ಒತ್ತಡದ ಹಾರ್ಮೋನುಗಳಾದ ಕಾರ್ಟಿಸೋಲ್ ಮತ್ತು ಅಡ್ರಿನಲಿನ್ ಅಷ್ಟಾಗಿ ಏರಲಿಲ್ಲ. ಆದರೆ ಕಾರ್ಟಿಸೋಲ್ ಸುರಿಸು ಎಂದು ತಲೆಯೊಳಗಿನ ಪಿಟ್ಯುಟರಿ ಗ್ರಂಥಿ ಕೆಳಗೆ ಕಳಿಸುವ ಸಂದೇಶದಲ್ಲಿ ಏನೂ ವ್ಯತ್ಯಾಸವಿರಲಿಲ್ಲ! ಅಂದರೆ ತಲೆ ಎಂದಿನಂತೆ ಗಾಬರಿಯಿಂದ ಆಜ್ಞೆ ಹೊರಡಿಸಿದೆ. ಮೂತ್ರಪಿಂಡದ ನೆತ್ತಿಯ ಮೇಲೆ ಕೂತಿರುವ ಪುಟ್ಟ ಗ್ರಂಥಿ ಮಾತ್ರ ಆ ಆಜ್ಞೆಗೆ ಅರ್ಧ ಓಗೊಟ್ಟು ಸುಮ್ಮನಾಗಿದೆ.

ಬೆರಗಿನ ಭರದಲ್ಲಿ ಹೇಳಬೇಕಾದ್ದನ್ನು ನುಂಗಬಾರದು. ಇವೆಲ್ಲ ಕೆಲವೇ ಜನರ ಮೇಲೆ ನಡೆದ ಪ್ರಯೋಗಗಳು. ಕೊಕ್ಕೊ ಸಂಶೋಧನೆಗೆ ಚಾಕೊಲೇಟ್ ಕಂಪನಿಗಳ ಹಣವೂ ಸಾಕಷ್ಟು ಹರಿದಿದೆ. ಗುನಾ ಜನರ ದ್ವೀಪದಲ್ಲಿ ಕೊಕ್ಕೊ ಒಂದೇ ಇರುವುದಲ್ಲ. ಮೀನಿದೆ, ಬಾಳೆಯಿದೆ, ದೋಣಿ ನಡೆಸುವ ದುಡಿಮೆಯಿದೆ, ಸಂಜೆ ಊರೆಲ್ಲ ಸೇರುವ ಸಭಾಮನೆಯಿದೆ. ಯಾವುದರ ಪಾಲು ಎಷ್ಟೆಂದು ಬಿಡಿಸುವುದು ಸುಲಭವಲ್ಲ. ಅಮೆರಿಕದಲ್ಲಿ 21,442 ಹಿರಿಯರ ಮೇಲೆ ನಡೆದ ಕಾಸ್ಮೋಸ್ ಎಂಬ ದೊಡ್ಡ ಅಧ್ಯಯನದಲ್ಲಿ ದಿನಕ್ಕೆ 500 ಮಿಲಿಗ್ರಾಂ ಫ್ಲೇವನಾಲ್ ಗುಳಿಗೆಯಾಗಿ ಕೊಟ್ಟು ನೋಡಿದರು. 2022ರಲ್ಲಿ ಬಂದ ಫಲಿತಾಂಶ ಅರ್ಧ ಸಿಹಿ, ಅರ್ಧ ಸಪ್ಪೆ. ಹೃದಯಾಘಾತ, ಪಾರ್ಶ್ವವಾಯು ಎಲ್ಲ ಕೂಡಿಸಿದ ಒಟ್ಟು ಲೆಕ್ಕದಲ್ಲಿ ಖಚಿತವಾದ ಇಳಿಕೆ ಕಾಣಲಿಲ್ಲ, ಹೃದ್ರೋಗದ ಸಾವುಗಳು ಮಾತ್ರ ಶೇಕಡ 27ರಷ್ಟು ಕಡಿಮೆ ಕಂಡವು. ಕೊಕ್ಕೊ ಮದ್ದಲ್ಲ. ಆದರೆ ಗುಳಿಗೆಯಲ್ಲಿ ಇಲ್ಲದ್ದು ಬಟ್ಟಲಿನಲ್ಲಿ ಏನೋ ಇದೆ ಎಂದು ನನಗೆ ಬಲವಾಗಿ ಅನಿಸುತ್ತದೆ, ಏಕೆಂದರೆ ಐದು ಸಾವಿರ ವರ್ಷ ಯಾರೂ ಇದನ್ನು ಗುಳಿಗೆ ಮಾಡಿ ನುಂಗಲಿಲ್ಲ. ಹುರಿಯುವ ಕಂಪು, ಅರೆಯುವ ಹೊತ್ತು, ಎದುರು ಕೂತವರು, ಇವೆಲ್ಲ ಸೇರಿಯೇ ಅದು ಬಟ್ಟಲು.

ಆ ಐದು ಸಾವಿರ ವರ್ಷದ ಲೆಕ್ಕ ಎಲ್ಲಿಂದ ಬಂತು? ಈಕ್ವೆಡಾರ್‌ನಲ್ಲಿ ಆಂಡಿಸ್ ಪರ್ವತ ಇಳಿದು ಅಮೆಜಾನ್ ಕಾಡು ಸೇರುವಲ್ಲಿ ಸಾಂತಾ ಆನಾ-ಲಾ ಫ್ಲೋರಿಡಾ ಎಂಬ ಜಾಗವಿದೆ. ಅಲ್ಲಿ ಸಿಕ್ಕ ಮಣ್ಣಿನ ಪಾತ್ರೆ, ಕಲ್ಲಿನ ಬಟ್ಟಲುಗಳ ಒಳಮೈಯನ್ನು ಕೆರೆದು ನೋಡಿದರೆ ಕೊಕ್ಕೊದ ಪಿಷ್ಟದ ಕಣಗಳು, ಥಿಯೋಬ್ರೋಮಿನ್ ಎಂಬ ಅದರ ಕಹಿಸತ್ವ, ಹಳೆಯ ಡಿಎನ್ಎ ಚೂರುಗಳು ಮೂರೂ ಸಿಕ್ಕವು! ಸುಮಾರು 5300 ವರ್ಷ ಹಳೆಯವು. 2018ರಲ್ಲಿ ಈ ಸಂಶೋಧನೆ ಹೊರಬರುವವರೆಗೂ ಕೊಕ್ಕೊವನ್ನು ಮೊದಲು ಪಳಗಿಸಿದವರು ಮೆಕ್ಸಿಕೊ, ಗ್ವಾಟೆಮಾಲಾ ಕಡೆಯವರೆಂದೇ ಲೋಕ ನಂಬಿತ್ತು. ಒಂದು ಪಾತ್ರೆಯ ತಳದ ಕರೆ ಹದಿನೈದು ಶತಮಾನಗಳಷ್ಟು ಹಿಂದಕ್ಕೆ ಚರಿತ್ರೆಯನ್ನು ಎಳೆದುಕೊಂಡು ಹೋಯಿತು.

ಇನ್ನೊಂದು ಪಾತ್ರೆ. ಗ್ವಾಟೆಮಾಲಾದ ರಿಯೋ ಅಸುಲ್‌ನಲ್ಲಿ 1984ರಲ್ಲಿ ಕಳ್ಳರ ಕೈಗೆ ಸಿಗದೆ ಉಳಿದಿದ್ದ ಮಾಯಾ ಗೋರಿಯೊಂದು ತೆರೆಯಿತು. ಐದನೇ ಶತಮಾನದ್ದು. ಒಳಗೆ ಸತ್ತವನ ದಾರಿಗೆಂದು ಇಟ್ಟಿದ್ದ ಮಡಕೆಗಳು. ಅವುಗಳಲ್ಲಿ ಒಂದಕ್ಕೆ ತಿರುಗಿಸಿ ಬಿಗಿಯುವ ಮುಚ್ಚಳ, ಎತ್ತಿ ಒಯ್ಯಲು ಹಿಡಿಕೆ, ಮೈಮೇಲೆ ಬಣ್ಣದ ಚಿತ್ರಲಿಪಿ. ಆಗಿನ್ನೂ ಹರೆಯದವರಾಗಿದ್ದ ಮಾಯಾ ಲಿಪಿತಜ್ಞ ಡೇವಿಡ್ ಸ್ಟೂವರ್ಟ್ ಅದನ್ನು ಓದಿ, ಇದರಲ್ಲಿ ಕೊಕ್ಕೊ ಎಂದು ಬರೆದಿದೆ ಎಂದರು. ಬರೆದದ್ದು ನಿಜವೇ? ಪಾತ್ರೆಯ ಕರೆಯನ್ನು ಹರ್ಷೀ ಕಂಪನಿಯ ಪ್ರಯೋಗಾಲಯಕ್ಕೆ ಕಳಿಸಿದರು. ಅಲ್ಲಿಯ ಜೆಫ್ರಿ ಹರ್ಸ್ಟ್ ಪರೀಕ್ಷಿಸಿದರು. ಇತ್ತು! ಹದಿನೈದು ಶತಮಾನ ಮುಚ್ಚಳದ ಕೆಳಗೆ ಕಾದುಕೊಂಡು ಥಿಯೋಬ್ರೋಮಿನ್ ಅಲ್ಲೇ ಇತ್ತು. ಪಾತ್ರೆಯ ಮೇಲಿನ ಬರಹವೂ ಒಳಗಿನ ಕರೆಯೂ ಒಂದೇ ಮಾತು ಹೇಳಿದವು.

ಮಾಯಾ ಜನರ ಇನ್ನೊಂದು ಹೂಜಿ ಈಗ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿದೆ. ಅದರ ಚಿತ್ರದಲ್ಲಿ ಒಬ್ಬ ಹೆಂಗಸು ನಿಂತುಕೊಂಡು ಕೈಯೆತ್ತಿ ಒಂದು ಪಾತ್ರೆಯಿಂದ ನೆಲದಲ್ಲಿಟ್ಟ ಇನ್ನೊಂದಕ್ಕೆ ಕೊಕ್ಕೊ ಹೊಯ್ಯುತ್ತಿದ್ದಾಳೆ. ನೊರೆ ಬರಲೆಂದು! ಅವರಿಗೆ ನೊರೆಯೇ ಪಾನೀಯದ ಅತ್ಯುತ್ತಮ ಭಾಗವಾಗಿತ್ತು. ಉತ್ತರದಲ್ಲಿ, ಈಗಿನ ನ್ಯೂ ಮೆಕ್ಸಿಕೊದ ಚಾಕೊ ಕಣಿವೆಯಲ್ಲಿ, ಸುಮಾರು ಸಾವಿರ ವರ್ಷದ ಹಿಂದಿನ ಕೊಳವೆಯಾಕಾರದ ಜಾಡಿಗಳಲ್ಲೂ ಇದೇ ಕಹಿಸತ್ವ 2009ರಲ್ಲಿ ಪತ್ತೆಯಾಯಿತು. ಆ ಮರುಭೂಮಿಯಲ್ಲಿ ಕೊಕ್ಕೊ ಮರ ಬೆಳೆಯುವ ಮಾತೇ ಇಲ್ಲ. ಸಾವಿರಾರು ಕಿಲೋಮೀಟರ್ ದೂರದಿಂದ, ಕುದುರೆ ಇಲ್ಲದ, ಗಾಡಿ ಇಲ್ಲದ ಕಾಲದಲ್ಲಿ, ಮನುಷ್ಯರು ಬೆನ್ನಮೇಲೆ ಹೊತ್ತು ತಂದದ್ದು ಒಂದು ಬಟ್ಟಲು ಕಹಿಗಾಗಿ!

ಅಜ್ಟೆಕ್ ಜನರಿಗೆ ಈ ಬೀಜವೇ ಚಿಲ್ಲರೆ ಹಣವಾಗಿತ್ತು. 1545ರ ತ್ಲಾಶ್ಕಾಲಾದ ಒಂದು ಬೆಲೆಪಟ್ಟಿ ಉಳಿದುಬಂದಿದೆ: ಒಂದು ದೊಡ್ಡ ಟೊಮೇಟೊಗೆ ಒಂದು ಬೀಜ, ಆಗಷ್ಟೇ ಕಿತ್ತ ಬೆಣ್ಣೆಹಣ್ಣಿಗೆ ಮೂರು, ಒಂದು ಹೆಣ್ಣು ಟರ್ಕಿ ಕೋಳಿಗೆ ಒಳ್ಳೆಯ ನೂರು ಬೀಜ. ಬೀಜದ ತಿರುಳು ತೆಗೆದು ಮಣ್ಣು ತುಂಬುವ ಖೋಟಾ ದಂಧೆಯೂ ಇತ್ತು. 1502ರಲ್ಲಿ ಕೊಲಂಬಸ್‌ನ ಹಡಗಿನವರು ಹೊಂಡುರಾಸ್ ಬಳಿ ವ್ಯಾಪಾರದ ದೊಡ್ಡ ದೋಣಿಯೊಂದನ್ನು ಹಿಡಿದಾಗ, ಈ ಬೀಜ ಒಂದು ಕೆಳಗೆ ಬಿದ್ದರೂ ದೋಣಿಯವರೆಲ್ಲ ಬಗ್ಗಿ ಹೆಕ್ಕುತ್ತಿದ್ದುದನ್ನು ಕಂಡು ಬೆರಗಾದರಂತೆ. ಯಾಕೆಂದು ಅವರಿಗೆ ಅರ್ಥವಾಗಲಿಲ್ಲ. ಆಮೇಲೆ ಬಂದ ಯುರೋಪಿನವರಿಗೆ ರುಚಿಯೂ ಹಿಡಿಸಲಿಲ್ಲ. ಇಟಲಿಯ ಪ್ರವಾಸಿ ಬೆಂಜೋನಿ ಇದನ್ನು ಹಂದಿಗಳಿಗೇ ಸರಿ ಎಂದು ಬರೆದ, ಕುಡಿಯಲು ದ್ರಾಕ್ಷಾರಸ ಸಿಗದೆ ಹೋದಾಗ ತಾನೂ ಕುಡಿದ, ಕುಡಿದ ಮೇಲೆ ಮೈಗೆ ಹಿತವೆನಿಸಿತು ಎಂದೂ ಒಪ್ಪಿಕೊಂಡ.

ಆ ಕಹಿ ಹೇಗೆ ಕಳೆದುಹೋಯಿತು ಎಂಬ ಕತೆ ಚಿಕ್ಕದು. 1828ರಲ್ಲಿ ಹಾಲೆಂಡಿನ ವಾನ್ ಹೌಟನ್ ಕುಟುಂಬ ಬೀಜದ ಬೆಣ್ಣೆಯನ್ನು ಹಿಂಡಿ ತೆಗೆಯುವ ಯಂತ್ರಕ್ಕೆ ಪೇಟೆಂಟ್ ಪಡೆಯಿತು. ಉಳಿದ ಪುಡಿ ನೀರಲ್ಲಿ ಸುಲಭವಾಗಿ ಬೆರೆಯಲೆಂದು, ಒಗರು ತಗ್ಗಲೆಂದು ಕ್ಷಾರ ಹಾಕುವ ಪದ್ಧತಿ ಬಂತು. 1847ರಲ್ಲಿ ಇಂಗ್ಲೆಂಡಿನ ಫ್ರೈ ಕಂಪನಿ ತಿನ್ನುವ ಚಾಕೊಲೇಟ್ ಅಚ್ಚು ಹಾಕಿತು. ಜಗತ್ತು ಸಿಹಿಯತ್ತ ತಿರುಗಿತು. ಆ ಕ್ಷಾರ ಮಾಡುವ ಕೆಲಸ ನೋಡಿ: ಕ್ಷಾರ ಹಾಕದ ಕೊಕ್ಕೊ ಪುಡಿಯ ಒಂದು ಗ್ರಾಂನಲ್ಲಿ ಸರಾಸರಿ 34.6 ಮಿಲಿಗ್ರಾಂ ಫ್ಲೇವನಾಲ್ ಇದ್ದರೆ, ಹೆಚ್ಚು ಕ್ಷಾರ ಹಾಕಿದ ಪುಡಿಯಲ್ಲಿ ಉಳಿಯುವುದು 3.9 ಮಾತ್ರ! ಒಂಬತ್ತರಲ್ಲಿ ಎಂಟು ಪಾಲು ಮಾಯ. ಅಂಗಡಿಯಲ್ಲಿ ಸಿಗುವ ಡ್ರಿಂಕಿಂಗ್ ಚಾಕೊಲೇಟ್ ಡಬ್ಬಿಯ ಹಿಂಬದಿ ಓದಿದರೆ ಮೊದಲ ಹೆಸರೇ ಸಕ್ಕರೆಯದಾಗಿರುತ್ತದೆ. ಒತ್ತಡಕ್ಕೆಂದು ಅದನ್ನು ಕುಡಿದರೆ ಸಿಗುವುದು ಸಕ್ಕರೆಯ ಸುಖ, ಅಷ್ಟೇ.

ಆದರೆ ಕುಡಿಯುವ ಕೊಕ್ಕೊ ಸಾಯಲಿಲ್ಲ. ಮೆಕ್ಸಿಕೊದ ಒವಾಹಾಕಾ ನಗರದಲ್ಲಿ ಮೀನಾ ಎಂಬ ಬೀದಿ ಇದೆ. ಅಲ್ಲಿ ಸಾಲಾಗಿ ಕೊಕ್ಕೊ ಗಿರಣಿಗಳು. ಹುರಿದ ಬೀಜ, ಚಕ್ಕೆ, ಬಾದಾಮಿ, ಸಕ್ಕರೆಯನ್ನು ತಮ್ಮ ಮನೆಯ ಅಳತೆಗೆ ತಕ್ಕಂತೆ ಹಾಕಿಸಿ, ಬಿಸಿಬಿಸಿ ಕರಿ ಹಿಟ್ಟು ಹರಿದುಬರುವುದನ್ನು ನಿಂತು ನೋಡಿ, ಡಬ್ಬಿಗೆ ತುಂಬಿಕೊಂಡು ಹೋಗುತ್ತಾರೆ. ಮನೆಯಲ್ಲಿ ಅದರ ಉಂಡೆಯನ್ನು ಬಿಸಿನೀರಿಗೆ ಹಾಕಿ ಮೊಲಿನಿಯೊ ಎಂಬ ಮರದ ಕಡೆಗೋಲನ್ನು ಎರಡು ಅಂಗೈಗಳ ನಡುವೆ ಹೊಸೆದು ನೊರೆ ಎಬ್ಬಿಸುತ್ತಾರೆ. ಬೆಳಗ್ಗೆ ಅದು, ಜೊತೆಗೆ ಮೊಟ್ಟೆ ಹಾಕಿದ ಮೆತ್ತನೆಯ ಬ್ರೆಡ್ಡು. ಅಲ್ಲಿಂದ ಹತ್ತಿರದ ಸಾನ್ ಆಂದ್ರೇಸ್ ಹುವಾಯಾಪಮ್ ಎಂಬ ಹಳ್ಳಿಯ ಹೆಂಗಸರು ತೆಹಾತೆ ಮಾಡುತ್ತಾರೆ. ಬೂದಿನೀರಲ್ಲಿ ಬೇಯಿಸಿದ ಮೆಕ್ಕೆಜೋಳ, ಕೊಕ್ಕೊ, ಮಾಮೇ ಹಣ್ಣಿನ ಬೀಜ, ಒಣಗಿಸಿದ ಒಂದು ಬಗೆಯ ಘಮಘಮ ಹೂವು ಎಲ್ಲ ಅರೆದ ಹಿಟ್ಟನ್ನು ದೊಡ್ಡ ಮಣ್ಣಿನ ಬಾನಿಯಲ್ಲಿ ಮೊಣಕೈವರೆಗೆ ಕೈ ಹಾಕಿ ನಾದುತ್ತ, ಎತ್ತರದಿಂದ ತಣ್ಣೀರು ಸುರಿಯುತ್ತಾರೆ. ನೋಡನೋಡುತ್ತಿದ್ದಂತೆ ಬಿಳಿ ನೊರೆ ಗಟ್ಟಿ ಗಟ್ಟಿಯಾಗಿ ಮೇಲೇಳುತ್ತದೆ. ಅದನ್ನು ಬಣ್ಣ ಬಳಿದ ಸೋರೆಬುರುಡೆಯ ಬಟ್ಟಲಲ್ಲಿ ಕೊಡುತ್ತಾರೆ. ಪ್ರಿನ್ಸ್‌ಟನ್‌ನ ಹೂಜಿಯ ಮೇಲೆ ಹೊಯ್ಯುತ್ತಿರುವ ಹೆಂಗಸಿನ ಕೈ ಇನ್ನೂ ನಿಂತಿಲ್ಲ!

ಈಗ ಬೆಂಗಳೂರು, ಗೋವಾದ ಯೋಗಶಾಲೆಗಳವರೆಗೆ ಬಂದಿರುವ ಕಕಾವೊ ಸೆರೆಮನಿಯ ಬಗ್ಗೆ ಒಂದು ಮಾತು. ವೃತ್ತವಾಗಿ ಕೂತು, ಮೂವತ್ತು-ನಲವತ್ತು ಗ್ರಾಂ ಕೊಕ್ಕೊ ಕದಡಿ ಕುಡಿದು, ಧ್ಯಾನ ಮಾಡುವ ಈ ರೂಢಿ ಹಬ್ಬಿದ್ದು ಗ್ವಾಟೆಮಾಲಾದ ಅತಿತ್ಲಾನ್ ಸರೋವರದ ದಡದಿಂದ, ಅದೂ ಈ ಶತಮಾನದಲ್ಲಿ, ಹೊರಗಿನಿಂದ ಹೋಗಿ ನೆಲೆಸಿದವರ ಮೂಲಕ. ಸಾವಿರಾರು ವರ್ಷದ ಮಾಯಾ ವಿಧಿ ಎಂದು ಅದನ್ನು ಮಾರುವುದು ಸರಿಯಲ್ಲ. ಮಾಯಾ ಜನರ ಕೊಕ್ಕೊ ಇರುವುದು ಬಿತ್ತನೆಯಲ್ಲಿ, ಮದುವೆಯಲ್ಲಿ, ಸಾವಿನಲ್ಲಿ, ಅತಿಥಿಯ ಕೈಗೆ ಕೊಡುವ ಬಟ್ಟಲಿನಲ್ಲಿ. ಆದರೂ ನಾಲ್ಕು ಜನ ಫೋನ್ ಬದಿಗಿಟ್ಟು ಒಂದು ಗಂಟೆ ಕೂತು ಕಹಿ ಕುಡಿಯುತ್ತಾರೆ ಎಂದರೆ ಅವರಿಗೆ ಹಗುರವೆನಿಸಿದ್ದು ಸುಳ್ಳೆನ್ನಲಾರೆ.

ನನ್ನ ಬೆರಗಿನ ತುತ್ತತುದಿ ಇರುವುದು ಮಾತ್ರ ನಮ್ಮ ದಕ್ಷಿಣ ಕನ್ನಡದಲ್ಲಿ. ಅಮೆಜಾನ್ ಕಾಡಿನ ದೊಡ್ಡ ಮರಗಳ ಕೆಳಗಿನ ನೆರಳು, ತೇವ, ಬಿಸಿ ಈ ಮರಕ್ಕೆ ಬೇಕು. ಅದನ್ನೇ ಅಡಿಕೆ ತೋಟ ಕೊಟ್ಟಿತು. ಬೇಡಿಕೆ ಇದ್ದಾಗ ನೆಟ್ಟು, ಬೆಲೆ ಕುಸಿದಾಗ ಕಂಗಾಲಾಗಿದ್ದ ಬೆಳೆಗಾರರಿಗೆ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಮಂಗಳೂರಲ್ಲಿ ಹುಟ್ಟಿದ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಆಸರೆಯಾಯಿತು. 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಬೆಳೆಗಾರರದ್ದೇ ಚಾಕೊಲೇಟ್ ಕಾರ್ಖಾನೆ ಎದ್ದಿತು. ವಿಟ್ಲದ ಸಂಶೋಧನಾ ಕೇಂದ್ರದಲ್ಲಿ ದೇಶದೇಶಗಳ ತಳಿಗಳನ್ನು ಬೆಳೆಸಿ ಕಾಪಾಡುತ್ತಿದ್ದಾರೆ.

ಒಂದು ಮರದ ಹತ್ತಿರ ಹೋಗಿ ನಿಲ್ಲಿ. ಕೊಂಬೆಯ ತುದಿಯಲ್ಲಿ ಹುಡುಕಬೇಡಿ, ಕಾಂಡದ ಮೇಲೇ ಹೂ! ಚಿಟಿಕೆಯಷ್ಟು ಸಣ್ಣ, ನಸುಬಿಳಿ ಹೂಗಳು ತೊಗಟೆಯಿಂದಲೇ ಹೊರಟಿರುತ್ತವೆ. ಜೇನುನೊಣಕ್ಕೆ ಅದರೊಳಗೆ ನುಗ್ಗಲು ಜಾಗವಿಲ್ಲ. ಬಿದ್ದು ಕೊಳೆತ ಎಲೆಗಳ ನಡುವೆ ಹುಟ್ಟುವ, ಕಣ್ಣಿಗೆ ಕಾಣಲೂ ಕಷ್ಟವಾಗುವ ಗುಂಗಾಡಿಗಳೇ ಪರಾಗ ಹೊರಬೇಕು. ಸಾವಿರಾರು ಹೂಗಳಲ್ಲಿ ಕಾಯಿ ಕಚ್ಚುವುದು ನೂರಕ್ಕೆ ಬೆರಳೆಣಿಕೆ. ಜಗತ್ತಿನ ಸಮಸ್ತ ಚಾಕೊಲೇಟ್ ಆ ಕೀಟದ ರೆಕ್ಕೆಯ ಮೇಲೆ ನಿಂತಿದೆ! ಹಣ್ಣನ್ನು ಎಳೆದು ಕೀಳುವಂತಿಲ್ಲ, ಕತ್ತಿಯಿಂದ ತೊಟ್ಟು ಕೊಯ್ಯಬೇಕು. ಅದೇ ಗಂಟಿನಲ್ಲಿ ಮುಂದಿನ ವರ್ಷದ ಹೂ ಮಲಗಿದೆ. ಕಲ್ಲಿಗೆ ಕುಟ್ಟಿ ಒಡೆದರೆ ಮೂವತ್ತು-ನಲವತ್ತು ಬೀಜ, ಮೈಗೆಲ್ಲ ಬಿಳಿ ಲೋಳೆ, ಚೀಪಿದರೆ ಹುಳಿಸಿಹಿ. ತೋಟದ ಮಕ್ಕಳಿಗೆ, ಅಳಿಲುಗಳಿಗೆ, ಮಂಗಗಳಿಗೆ ಕೊಕ್ಕೊ ಎಂದರೆ ಆ ಲೋಳೆಯೇ. ಚೀಪಿ ಉಗುಳಿದ ಬೀಜದಲ್ಲಿ ಇಷ್ಟು ಕತೆ ಅಡಗಿದೆ ಎಂದು ಯಾರು ನೆನೆದಾರು? ರಾಶಿ ಹಾಕಿ ಬಾಳೆಲೆ ಮುಚ್ಚಿ ಐದಾರು ದಿನ ಬಿಟ್ಟರೆ ಬೀಜ ತನ್ನಷ್ಟಕ್ಕೇ ಕಾಯುತ್ತದೆ, ಒಳಗಿನ ಬಿಸಿ ಐವತ್ತು ಡಿಗ್ರಿಯ ಸಮೀಪ ಹೋಗುತ್ತದೆ, ಮೊಳಕೆ ಸಾಯುತ್ತದೆ, ನೇರಳೆ ಕಂದಾಗುತ್ತದೆ. ಚಾಕೊಲೇಟಿನ ಕಂಪಿಗೆ ಬೇಕಾದ್ದೆಲ್ಲ ಹುಟ್ಟುವುದು ಆ ಹುದುಗುವಿಕೆಯಲ್ಲೇ. ಆಮೇಲೆ ಬಿಸಿಲು.

ಇಷ್ಟೆಲ್ಲ ಬೆಳೆದೂ ನಾವು ಕುಡಿಯುವುದು ಮಾತ್ರ ಕಾಫಿ, ಚಹಾ. ಹಾಗಾಗಿ ಹುದುಗಿಸಿ ಒಣಗಿಸಿದ ಬೀಜ ತರಿಸಿ ನನ್ನ ಅಡುಗೆಮನೆಯಲ್ಲೇ ಶುರುಮಾಡಿದೆ. ಕಬ್ಬಿಣದ ಬಾಣಲೆ, ಸಣ್ಣ ಉರಿ, ಬಿಡದೆ ಕೈಯಾಡಿಸಬೇಕು. ಮೊದಲು ಹುಳಿ ವಾಸನೆ ಬರುತ್ತದೆ, ಅದು ಹುದುಗಿನ ವಿನೆಗರ್ ಹಾರುವುದು. ಸ್ವಲ್ಪ ಹೊತ್ತಿಗೆ ಒಂದೊಂದೇ ಬೀಜ ಚಟಪಟ ಎನ್ನುತ್ತದೆ, ಮನೆಯಿಡೀ ಚಾಕೊಲೇಟಿನ ಘಮ ತುಂಬುತ್ತದೆ. ಆರಿಸಿ, ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿದರೆ ಸಿಪ್ಪೆ ಹಾರಿಹೋಗುತ್ತದೆ. ಮಿಕ್ಸಿಗೆ ಹಾಕಿ. ಮೊದಲು ತರಿ, ಆಮೇಲೆ ಪುಡಿ, ಇನ್ನೂ ತಿರುಗಿಸಿದರೆ ಇದ್ದಕ್ಕಿದ್ದಂತೆ ಪುಡಿ ಒದ್ದೆಯಾಗಿ ಮಿರಮಿರ ಮಿಂಚುತ್ತದೆ! ಒಂದು ಹನಿ ನೀರು ಹಾಕಿಲ್ಲ. ಬೀಜದ ಅರ್ಧದಷ್ಟು ಬೆಣ್ಣೆಯೇ. ತಿರುಗುವ ಬಿಸಿಗೆ ಅದು ಕರಗಿ ಹರಿಯುತ್ತದೆ. ಮೊದಲ ಸಲ ಅದನ್ನು ಕಂಡಾಗ ಮಿಕ್ಸಿ ನಿಲ್ಲಿಸಿ ಮುಚ್ಚಳ ತೆಗೆದು ಸುಮ್ಮನೆ ನೋಡುತ್ತಾ ನಿಂತೆ. ಆ ಕರಿ ಹರಿವನ್ನು ತಟ್ಟೆಗೆ ಸುರಿದು ಗಟ್ಟಿಯಾಗಲು ಬಿಟ್ಟರೆ ವಾರಕ್ಕಾಗುವಷ್ಟು ಬಿಲ್ಲೆ.

ಸಂಜೆ ನಾಲ್ಕಕ್ಕೆ ಇಪ್ಪತ್ತು ಗ್ರಾಂ ಆಸುಪಾಸಿನ ತುಂಡು ಕೆರೆದು, ಕುದಿ ಇಳಿದ ಬಿಸಿನೀರು ಹೊಯ್ದು, ಬೆಲ್ಲದ ಚೂರು, ಎರಡು ಕಾಳುಮೆಣಸು ಕುಟ್ಟಿ ಹಾಕಿ, ಮಜ್ಜಿಗೆಯ ಸಣ್ಣ ಕಡೆಗೋಲಿಂದ ಕಡೆಯುತ್ತೇನೆ. ನೊರೆ ಬರುವವರೆಗೆ ಬಿಡುವುದಿಲ್ಲ. ಆ ಹೊತ್ತಲ್ಲಿ ಫೋನ್ ಮುಟ್ಟಲು ಕೈಯೇ ಖಾಲಿ ಇರುವುದಿಲ್ಲ. ಕುಡಿಯುವುದೂ ನಿಧಾನವೇ, ಈ ಕಹಿಯನ್ನು ಗಟಗಟ ಇಳಿಸಲಾಗದು. ಬಟ್ಟಲು ಮುಗಿಯುವಷ್ಟರಲ್ಲಿ ಬಿಗಿದ ಭುಜ ಇಳಿದಿರುತ್ತದೆ, ತಲೆ ಮಾತ್ರ ಎಚ್ಚರ. ಆ ಎಚ್ಚರ ಥಿಯೋಬ್ರೋಮಿನ್‌ನದು. ಕೆಫೀನಿನ ಸೋದರಸಂಬಂಧಿ, ಆದರೆ ಕೆಫೀನಿನಂತೆ ಎದೆ ಹೊಡೆಸದೆ ಮೆಲ್ಲಗೆ ಏರಿ ಗಂಟೆಗಟ್ಟಲೆ ಉಳಿಯುತ್ತದೆ. ಕೊಕ್ಕೊದಲ್ಲಿ ತುಸು ಕೆಫೀನೂ ಇದೆ. ಅದಕ್ಕೇ ರಾತ್ರಿ ಊಟದ ನಂತರ ನಾನು ಕುಡಿಯುವುದಿಲ್ಲ.

ಖಿನ್ನತೆಗೆ ಮಾತ್ರೆ ನುಂಗುವವರು, ಎದೆಬಡಿತ ಏರುಪೇರಾಗುವವರು, ಚಾಕೊಲೇಟಿನಿಂದ ಅರೆತಲೆನೋವು ಬರುವವರು, ಗರ್ಭಿಣಿಯರು ತಮ್ಮ ವೈದ್ಯರನ್ನು ಕೇಳಿಯೇ ಶುರುಮಾಡಬೇಕು. ಮನೆಯ ನಾಯಿಗೆ ಒಂದು ತುಣುಕೂ ಸಿಗದಂತೆ ನೋಡಿಕೊಳ್ಳಿ. ಥಿಯೋಬ್ರೋಮಿನ್ ಅದಕ್ಕೆ ವಿಷ. ಕುಡಿಯುವವರೂ ಬಟ್ಟಲು ತುಂಬ ತುಂಬಿಸಿಕೊಳ್ಳಬೇಕಿಲ್ಲ. ರಕ್ತನಾಳಗಳ ಹಿಗ್ಗುವಿಕೆಗೆ ದಿನಕ್ಕೆ 200 ಮಿಲಿಗ್ರಾಂ ಕೊಕ್ಕೊ ಫ್ಲೇವನಾಲ್ ನೆರವಾಗುತ್ತದೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2012ರಲ್ಲಿ ಒಪ್ಪಿದೆ. ಹುದುಗುವಾಗ ಒಂದಿಷ್ಟು, ಹುರಿಯುವಾಗ ಇನ್ನೊಂದಿಷ್ಟು ಫ್ಲೇವನಾಲ್ ಹೋಗುತ್ತದೆ, ಅದಕ್ಕೇ ಉರಿ ಸಣ್ಣದಿರಲಿ.

ಕರಾವಳಿಯಲ್ಲಿ ಕೊಕ್ಕೊ ಕೊಯ್ಲು ಬೇಸಿಗೆಯ ಕೊನೆಗೆ ಒಮ್ಮೆ, ಮಳೆ ಇಳಿದ ಮೇಲೆ ಇನ್ನೊಮ್ಮೆ ಜೋರಾಗುತ್ತದೆ. ಹೆಚ್ಚಿನ ಬೆಳೆಗಾರರು ಹಸಿಬೀಜವನ್ನೇ ತೂಕಕ್ಕೆ ಹಾಕಿಬಿಡುತ್ತಾರೆ. ಪರಿಚಯದವರ ತೋಟವಿದ್ದರೆ ಈಗಲೇ ಹೇಳಿಡಿ: ಚೆನ್ನಾಗಿ ಹುದುಗಿಸಿ, ಬಿಸಿಲಲ್ಲಿ ವಾರ ಒಣಗಿಸಿ, ಹಿಂಡಿದರೆ ಸಿಪ್ಪೆ ಪುಡಿಯಾಗಿ ಉದುರುವಂಥ ಒಂದು ಕಿಲೋ ಬೀಜ ನಮಗೂ ಇರಲಿ ಎಂದು.